ನಟನ ಕಂಠಸಾಧನೆ

ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ನಾಲ್ಕು ವಿಧವಾದುದು. ಇವುಗಳಲ್ಲಿ ಮಾತನ್ನು ಭರತಮುನಿಯು ನಾಟ್ಯದ ಶರೀರವೆಂದೇ ಎಣಿಸಿ, ಅದರಲ್ಲಿ ನಟನು ವಿಶೇಷ ಪ್ರಯತ್ನವನ್ನು ಮಾಡತಕ್ಕದ್ದೆಂದು ವಿಧಿಸಿದ್ದಾನೆ. ಉಳಿದ ಅಭಿನಯಗಳೆಲ್ಲವೂ ಮಾತಿನ ಅರ್ಥವನ್ನೇ ವ್ಯಕ್ತಪಡಿಸುವುವಾದ್ದರಿಂದ ಈ ವಿಧಿಯು ಯುಕ್ತವೇ ಆಗಿದೆ.

ಮುನಿಯ ಎಚ್ಚರವು ರಂಗಮಂದಿರದ ಅಳತೆಯಿಂದಲೇ ಮೊದಲಾಗುವುದು. ಮನುಷ್ಯರಿಗೆ ತಕ್ಕ ನಾಟ್ಯಮಂಟಪವು 64 ಹಸ್ತ ಉದ್ದವೂ 32 ಹಸ್ತ ಅಗಲವೂ ಇರಬೇಕು. ಅದಕ್ಕೂ ಮಿಗಿಲಾಗಿ ಕಟ್ಟಿದರೆ ಪಾಠ್ಯವು ವಿಸ್ವರವಾಗಿ ಕೆಡುವುದು. ಕಂಠದ ಶಕ್ತಿಗೆ ಅನುಗುಣವಾಗಿ ಕಟ್ಟಡವೇ ಹೊರತು ಕಟ್ಟಡಕ್ಕಾಗಿ ಕಂಠವಲ್ಲವೆಂಬುದು ಇದರ ತಾತ್ಪರ್ಯ.

ಪಾಠ್ಯಕ್ಕೆ ಏಳು ಸ್ವರಗಳು, ಮೂರು ಸ್ಥಾನಗಳು, ನಾಲ್ಕು ವರ್ಣಗಳು, ಎರಡು ಕಾಕುಗಳು, ಆರು ಅಲಂಕಾರಗಳು, ಆರು ಅಂಗಗಳು ಹೇಳಲ್ಪಟ್ಟಿವೆ. ದೂರದಲ್ಲಿರುವವನನ್ನು ಕರೆವಾಗ ಶಿರಸ್ಸಿನಿಂದಲೂ, ಅತಿದೂರವಲ್ಲದವನೊಡನೆ ಕಂಠದಿಂದಲೂ, ಪಕ್ಕದಲ್ಲಿರುವವನೊಡನೆ ಉರಸ್ಸಿನಿಂದಲೂ ಧ್ವನಿಯನ್ನು ಹೊರಡಿಸಬೇಕು. ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತಗಳೆಂಬ ಅಲಂಕಾರಗಳಲ್ಲಿ ರೋಗಿಯ ಮಾತಿಗೊಂದು, ಕಲಹದ ಮಾತಿಗೊಂದು, ಭಯಪಟ್ಟವನ ತ್ವರೆಗೊಂದು ಎಂಬಂತೆ ವಿನಿಯೋಗವಿದೆ. ವಿರಾಮವು ಅರ್ಥವನ್ನು ಅನುಸರಿಸಬೇಕೇ ಹೊರತು ಛಂದಸ್ಸನ್ನಲ್ಲವೆಂಬ ಮಾತಂತೂ ಪದ್ಯವನ್ನು ರಾಗಕ್ಕೆ ಒಪ್ಪಿಸಿ ಅರ್ಥವನ್ನು ಕೈಬಿಡುವವರೆಲ್ಲರೂ ನೆನೆಯತಕ್ಕದ್ದು.

ಕಾಕುವಿನ ಬಲವನ್ನು ಅರಿಯಲು ಮನೆಯ ಮಾತೇ ಸಾಕು. 'ಅವನು ಬರುವುದಿಲ್ಲ' ಎಂಬುದನ್ನು ಸಮನಾಗಿ ನುಡಿದರೆ ನಿಷೇಧ. ಕೊನೆಯಲ್ಲಿ ಧ್ವನಿಯನ್ನೇರಿಸಿ ನುಡಿದರೆ ಬಂದೇ ಬರುವನೆಂಬ ಭರವಸೆ. ಅಕ್ಷರಗಳು ಅವೇ, ಅರ್ಥವು ಮಾತ್ರ ತಲೆಕೆಳಗು.

ಕನ್ನಡನಾಡಿನಲ್ಲಿ 19ನೆಯ ಶತಮಾನದ ಕೊನೆಗೆ ವೃತ್ತಿನಾಟಕ ಮಂಡಲಿಗಳು ತಲೆಯೆತ್ತಿದುವು. ಗುಬ್ಬಿಯ ಮಂಡಲಿಯು 1884ರಲ್ಲಿ ಹುಟ್ಟಿತು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ರಾತ್ರಿಯೆಲ್ಲ ಹಾಡಿ, ನುಡಿದು, ಕೊನೆಯ ಸಾಲಿನವನ ಕಿವಿಯನ್ನು ಮುಟ್ಟುವುದು ನಟನ ಕಂಠದ ಭಾರವೇ ಆಗಿದ್ದಿತು. ರತ್ನಾವಳಿ ಮಂಡಲಿಯ ಎ. ವಿ. ವರದಾಚಾರ್ಯರು (1869–1926) ಗಾನದಿಂದ ಸಭೆಯನ್ನು ಸೆರೆಹಿಡಿದರು. ಬಳ್ಳಾರಿ ರಾಘವರು (1880–1946) ಹಾಡಿನ ಅತಿಬಳಕೆಯನ್ನು ಒಪ್ಪದೆ ಗದ್ಯದ ಮಾತಿಗೇ ಪ್ರಾಧಾನ್ಯವಿತ್ತರು. ಇಬ್ಬರ ಮಾರ್ಗಗಳು ಭಿನ್ನವಾದರೂ ಸಾಧನೆಯಿಲ್ಲದೆ ಎರಡೂ ಸಿದ್ಧಿಸವು.

ಮಂಡಲಿಯೇ ಪಾಠಶಾಲೆ, ಹಿರಿಯ ನಟನೇ ಗುರು. ಬಾಲ್ಯದಲ್ಲಿಯೇ ಗುಬ್ಬಿಯ ಮಂಡಲಿಯನ್ನು ಸೇರಿದ ಬಿ. ವಿ. ಕಾರಂತರು ಮುಂದೆ 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣಕ್ಕೆ ಮೊದಲ ನಿರ್ದೇಶಕರಾದರು. ಹೀಗೆ ಮಂಡಲಿಯ ಕೇಳ್ಮೆಯ ವಿದ್ಯೆಯು ಹೊಸ ರಂಗಶಿಕ್ಷಣಕ್ಕೂ ಹರಿದುಬಂದಿತು.

ಧ್ವನಿವರ್ಧಕವು ಬಂದ ಮೇಲೆ ಕೂಗಬೇಕಾದ ಕಷ್ಟವು ತಪ್ಪಿತು. ಇದು ಲಾಭವೇ ಸರಿ. ಆದರೆ ಯಂತ್ರವು ಧ್ವನಿಯನ್ನು ದೊಡ್ಡದು ಮಾಡಬಲ್ಲುದಲ್ಲದೆ ಕಾಕುವನ್ನು ಹುಟ್ಟಿಸಲಾರದು. ತಪ್ಪಾದ ಉಚ್ಚಾರವನ್ನೂ ಅದು ಅಷ್ಟೇ ದೊಡ್ಡದು ಮಾಡುವುದು. ಅಲ್ಪಪ್ರಾಣ ಮಹಾಪ್ರಾಣಗಳನ್ನು ಕಲಸಿ, ವಾಕ್ಯದ ನಡುವೆ ಉಸಿರುಗಟ್ಟಿ ನಿಲ್ಲುವವನಿಗೆ ಅದರಿಂದ ಯಾವ ಉಪಕಾರವೂ ಇಲ್ಲ.

ಓದುಬರಹವರಿಯದ ಸಹಸ್ರಾರು ಮಂದಿಗೆ ಪುರಾಣವೂ ಕಾವ್ಯವೂ ಚೊಕ್ಕ ಕನ್ನಡವೂ ದೊರೆತುದು ಗ್ರಂಥದಿಂದಲ್ಲ, ನಟನ ಬಾಯಿಂದ. ಆ ಬಾಯಿ ಕೆಟ್ಟರೆ ಕೆಡುವುದು ಒಂದು ನಾಟಕವಷ್ಟೇ ಅಲ್ಲ, ನುಡಿಯೇ. ಆದುದರಿಂದ ಬಣ್ಣ, ಪರದೆ, ದೀಪಗಳಿಗೆ ವೆಚ್ಚಮಾಡುವ ನಾಟಕಸಂಘಗಳು ಕಂಠಸಾಧನೆಗೆ ದಿನಕ್ಕೊಂದು ಗಳಿಗೆಯನ್ನಾದರೂ ಮೀಸಲಿಡುವುದು ಶ್ರೇಯಸ್ಕರವು.