ಕುಂಡದ ಮಣ್ಣಿನ ಕಿರುಜೀವಿಗಳು: ಗುರುತು ಮತ್ತು ಹತೋಟಿ

ಮನೆಯೊಳಗಿನ ಕುಂಡಕ್ಕೆ ನೀರು ಬಿದ್ದೊಡನೆ ಮಣ್ಣಿನ ಮೇಲೆ ಏನೋ ಕುಪ್ಪಳಿಸುತ್ತದೆ, ಇನ್ನೇನೋ ಹಾರುತ್ತದೆ. ಗಾಬರಿಗೊಂಡವರು ಅಂಗಡಿಗೆ ಹೋಗಿ ‘ಮಣ್ಣಿನ ಹುಳಕ್ಕೆ ಔಷಧಿ ಕೊಡಿ’ ಎನ್ನುತ್ತಾರೆ. ಎರಡು ಮಿಲಿಮೀಟರ್ ಉದ್ದದ ಆ ಜೀವಿ ಯಾವುದೆಂದು ತಿಳಿಯದೆ ಹಾಕಿದ ವಿಷ ನಿರಪರಾಧಿಯನ್ನು ಕೊಂದು, ಬೇರು ತಿನ್ನುವುದನ್ನು ಹಾಗೇ ಉಳಿಸುವುದುಂಟು. ಕುಂಡದಲ್ಲಿ ಸಾಮಾನ್ಯವಾಗಿ ಸಿಗುವ ಜೀವಿಗಳನ್ನು ಬೇರ್ಪಡಿಸುವ ಲಕ್ಷಣಗಳೇ ಅವುಗಳ ಹತೋಟಿಯ ದಾರಿಯನ್ನೂ ತೋರಿಸುತ್ತವೆ ಎಂಬುದು ಈ ಲೇಖನದ ವಾದ.

ಮೊದಲ ಸುಳಿವು ಚಲನೆ.

ಕುಪ್ಪಳಿಸುವುದು ಸ್ಪ್ರಿಂಗ್‌ಟೇಲ್. ರೆಕ್ಕೆಯಿಲ್ಲದ ಈ ಜೀವಿಯ ಹೊಟ್ಟೆಯಡಿ ಕವಲು ಬಾಲವೊಂದು ಮಡಚಿಕೊಂಡಿದ್ದು, ಕೊಂಡಿ ಬಿಟ್ಟೊಡನೆ ಅದು ನೆಲಕ್ಕೆ ಬಡಿದು ದೇಹವನ್ನು ಚಿಮ್ಮಿಸುತ್ತದೆ. ತಟ್ಟೆಯಲ್ಲಿ ನೀರಿದ್ದರೆ ಅದರ ಮೇಲೆ ತೇಲುತ್ತವೆ. ಇವುಗಳ ಮುಖ್ಯ ಆಹಾರ ಶಿಲೀಂಧ್ರ ಮತ್ತು ಕೊಳೆತ ಎಲೆ. ಕಂದುಬಣ್ಣದ, ಹೊಳೆಯುವ, ನಿಧಾನವಾಗಿ ತೆವಳುವ ಆರಿಬ್ಯಾಟಿಡ್ ನುಸಿಗಳದ್ದೂ ಅದೇ ಕಸುಬು. ಇವುಗಳ ಸಂಖ್ಯೆ ಏರಿದ್ದರೆ ಮಣ್ಣು ಸದಾ ತೇವವಾಗಿದೆ ಎಂದರ್ಥ, ಕೀಟನಾಶಕ ಬೇಕಿಲ್ಲ.

ಹಾರುವುದು ಅಣಬೆ ಗುಂಗುರು, ಹೆಚ್ಚಾಗಿ ಬ್ರಾಡೀಸಿಯ ಕುಲದ್ದು. ಅಡುಗೆಮನೆಯ ಹಣ್ಣಿನ ನೊಣವೆಂದು ಇದನ್ನು ತಪ್ಪಾಗಿ ತಿಳಿಯುವವರು ಬಹಳ. ಹಣ್ಣಿನ ನೊಣ ದಪ್ಪ, ಕಣ್ಣು ಕೆಂಪು, ಬಾಳೆಹಣ್ಣಿನತ್ತ ಹೋಗುತ್ತದೆ. ಗುಂಗುರು ಕಪ್ಪು, ತೆಳು, ಉದ್ದಕಾಲಿನದು. ಮಣ್ಣಿನ ಮೇಲೇ ಓಡಾಡುತ್ತದೆ. ಭೂತಗನ್ನಡಿಯಲ್ಲಿ ಅದರ ರೆಕ್ಕೆಯ ಮೇಲೆ ಕವಲೊಡೆದ ನರ ಕಾಣುತ್ತದೆ. ತೊಂದರೆ ಕೊಡುವುದು ಮಾತ್ರ ಅದರ ಮರಿಹುಳು: ಪಾರದರ್ಶಕ ಮೈ, ಹೊಳೆಯುವ ಕಪ್ಪು ತಲೆ. ಮೇಲ್ಮಣ್ಣಿನ ಕೆಲವೇ ಸೆಂಟಿಮೀಟರ್‌ಗಳಲ್ಲಿ ವಾಸಿಸುವ ಇದು ಶಿಲೀಂಧ್ರದ ಜೊತೆಗೆ ಎಳೆಯ ಬೇರುಗಳನ್ನೂ ಕೆರೆದು ತಿನ್ನುತ್ತದೆ. ಆ ಗಾಯಗಳಿಂದ ಪಿಥಿಯಮ್‌ನಂಥ ಬೇರುಕೊಳೆ ರೋಗಾಣು ಒಳನುಗ್ಗುವುದು ಸುಲಭ. ದೊಡ್ಡ ಗಿಡ ಇದನ್ನು ತಾಳಿಕೊಂಡೀತು, ಸಸಿ ತಾಳದು. ಪತ್ತೆಗೆ ಆಲೂಗೆಡ್ಡೆಯ ಹೋಳೊಂದು ಸಾಕು: ಮಣ್ಣಿನ ಮೇಲೆ ಅಂಟಿಸಿಟ್ಟು ಒಂದೆರಡು ದಿನ ಬಿಟ್ಟು ಎತ್ತಿದರೆ ಮರಿಗಳು ಅದರಡಿ ಸೇರಿರುತ್ತವೆ.

ಬೆಂಗಳೂರಿನ ಫ್ಲ್ಯಾಟುಗಳ ಕುಂಡಗಳಲ್ಲಿ ಕೋಕೋಪೀಟ್ ಈಗ ಮಾಮೂಲು. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುವ ಈ ತೆಂಗಿನ ನಾರಿನ ಪುಡಿ ಮೇಲೆ ಒಣಗಿ ಬಿಳಚಿಕೊಂಡಾಗಲೂ ಒಳಗೆ ಒದ್ದೆಯಾಗಿರುತ್ತದೆ. ಬಣ್ಣ ನೋಡಿ ನೀರು ಹಾಕುವವರ ಕುಂಡ ಎಂದೂ ಒಣಗುವುದಿಲ್ಲ. ಬೆರಳು ಚುಚ್ಚಿ ನೋಡಿ, ಮೇಲಿನ 2–3 ಸೆಂಟಿಮೀಟರ್ ನಿಜಕ್ಕೂ ಒಣಗಿದ ಮೇಲೆ ನೀರು ಹಾಕಿದರೆ ಗುಂಗುರಿನ ಮೊಟ್ಟೆ, ಎಳೆಮರಿಗಳು ಉಳಿಯುವುದು ಕಷ್ಟ. ಹಳದಿ ಅಂಟುಹಾಳೆ ಹಾರುವವನ್ನಷ್ಟೇ ಹಿಡಿಯುತ್ತದೆ. ಸಂಖ್ಯೆ ಇಳಿಯುತ್ತಿದೆಯೇ ಎಂದು ಅಳೆಯಲು ಅದು ಉಪಯುಕ್ತ.

ಇಷ್ಟರಲ್ಲಿ ಬಗ್ಗದಿದ್ದರೆ ಜೈವಿಕ ಅಸ್ತ್ರಗಳಿವೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಪತ್ತೆಯಾದ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಹರಳುಗಳು ಸೊಳ್ಳೆಮರಿಯ ಹಾಗೆಯೇ ಗುಂಗುರುಮರಿಯ ಕರುಳನ್ನೂ ಛಿದ್ರಗೊಳಿಸುತ್ತವೆ. ಕೊಳ್ಳುವಾಗ ಉಪಜಾತಿಯ ಹೆಸರು ಓದಲೇಬೇಕು: ಎಲೆ ತಿನ್ನುವ ಕಂಬಳಿಹುಳುಗಳಿಗೆಂದು ಮಾರುವ ಕುರ್ಸ್ಟಾಕಿ ಉಪಜಾತಿ ಇಲ್ಲಿ ಉಪಯೋಗಕ್ಕೆ ಬಾರದು. ಔಷಧ ಮರಿಯ ಹೊಟ್ಟೆ ಸೇರಿದರೆ ಮಾತ್ರ ಕೆಲಸ ಮಾಡುವುದರಿಂದ ಮೊಟ್ಟೆ, ಕೋಶಗಳು ಪಾರಾಗುತ್ತವೆ. ಜೀವನಚಕ್ರ ಮುಗಿಯಲು ಮೂರು–ನಾಲ್ಕು ವಾರ ಬೇಕು. ಅಷ್ಟೂ ಕಾಲ ವಾರಕ್ಕೊಮ್ಮೆ ಮರುಪ್ರಯೋಗ ಅಗತ್ಯ. ಸ್ಟೈನರ್‌ನೀಮಾ ಫೆಲ್ಟಿಯೆ ಎಂಬ ಉಪಕಾರಿ ಜಂತುಹುಳುವೂ ಮರಿಯೊಳಗೆ ಹೊಕ್ಕು ಕೊಲ್ಲುತ್ತದೆ. ಅದಕ್ಕೆ ತೇವವೂ ತಂಪೂ ಬೇಕು. ಬೇಸಿಗೆಯ ಬಿಸಿ ಬಾಲ್ಕನಿ ಹಿಡಿಸದು.

ಚಲನೆ ಅಷ್ಟಾಗಿ ಕಣ್ಣಿಗೆ ಬೀಳದ ಶತ್ರು ಬೇರಿನ ಹಿಟ್ಟು ತಿಗಣೆ. ಎಲೆ ಕಾರಣವಿಲ್ಲದೆ ಹಳದಿಯಾಗುತ್ತಿದ್ದರೆ ಗಿಡವನ್ನು ಮಣ್ಣುಂಡೆಯ ಸಮೇತ ಹೊರತೆಗೆದು ನೋಡಬೇಕು. ಕುಂಡದ ಗೋಡೆ ಮತ್ತು ಬೇರಿನ ನಡುವೆ ಬಿಳಿ ಮೇಣದ ಕಲೆಗಳಿದ್ದರೆ ಉತ್ತರ ಸಿಕ್ಕಿತು. ಒಣಮಣ್ಣಿನಲ್ಲಿ ಬೆಳೆಸುವ ಕಳ್ಳಿಗಳನ್ನೂ ಇದು ಬಿಡದ ಕಾರಣ ನೀರು ಕಡಿತ ಇಲ್ಲಿ ಪರಿಹಾರವಲ್ಲ. ಬೇರು ತೊಳೆದು, ಹಳೆಯ ಮಣ್ಣು ಬಿಸಾಡಿ, ಕುಂಡವನ್ನು ಬಿಸಿನೀರಿನಲ್ಲಿ ಉಜ್ಜಿ ಮರುನೆಡಬೇಕು.

ಬರಿಗಣ್ಣಿಗೆ ಕಾಣದ್ದು ಬೇರುಗಂಟು ಜಂತುಹುಳು. 1855ರಲ್ಲಿ ಇಂಗ್ಲೆಂಡಿನ ಮೈಲ್ಸ್ ಜೋಸೆಫ್ ಬರ್ಕ್‌ಲಿ ಸೌತೆಯ ಬೇರುಗಳಲ್ಲಿ ಇದು ಎಬ್ಬಿಸಿದ ಗಂಟುಗಳನ್ನು ವಿವರಿಸಿದ್ದರು. ದ್ವಿದಳ ಗಿಡದ ಸಾರಜನಕ ಗಂಟು ಉಜ್ಜಿದರೆ ಕಳಚುತ್ತದೆ; ಇದು ಬೇರೇ ಊದಿಕೊಂಡದ್ದು, ಕಳಚದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದರ ವಿರುದ್ಧ ಪರ್ಪ್ಯೂರಿಯೋಸಿಲಿಯಮ್ ಲಿಲಾಸಿನಮ್, ಪೊಕೋನಿಯಾ ಶಿಲೀಂಧ್ರಗಳ ಜೈವಿಕ ತಯಾರಿಕೆಗಳನ್ನು ರೂಪಿಸಿದೆ. ಅವು ಹುಳುವಿನ ಸಂಖ್ಯೆಯನ್ನು ತಗ್ಗಿಸುತ್ತವೆಯೇ ಹೊರತು ಆಗಲೇ ಊದಿದ ಬೇರನ್ನು ಸರಿಪಡಿಸಲಾರವು. ಹುಳು ಬೇರಿನಲ್ಲೇ ನೆಲೆಸುವುದರಿಂದ ಮಣ್ಣಿನಿಂದ ಮೇಲಿರುವ ಕಾಂಡದ ತುಂಡನ್ನು ಹೊಸ ಮಾಧ್ಯಮದಲ್ಲಿ ನೆಟ್ಟು ರೋಗಮುಕ್ತ ಸಸಿ ಪಡೆಯಬಹುದು. ಹಳೆಯ ಮಣ್ಣನ್ನು ತೋಟಕ್ಕಾಗಲಿ ಗೊಬ್ಬರದ ತೊಟ್ಟಿಗಾಗಲಿ ಸುರಿಯಬಾರದು.