ಮುಂಗಾರಿನ ಮಹಾಮಾರುತಗಳು, ನಮ್ಮ ನಗರದ ಮಹಾಮಳೆ

2005ರ ಜುಲೈ 26ರ ಮಂಗಳವಾರವನ್ನು ಮುಂಬಯಿ ಕನ್ನಡಿಗರಾದ ನಾವು ಮರೆಯಲಾರೆವು. ಪಂಚಾಂಗದ ಲೆಕ್ಕದಲ್ಲಿ ಅದು ಪುಷ್ಯ ಮಳೆಯ ಕಾಲ. ತುಳುನಾಡಿನಿಂದ ಬಂದು ಇಲ್ಲಿ ನೆಲೆಸಿದ ಮನೆತನಗಳಿಗೆ ಆಟಿ ತಿಂಗಳು. ಆ ದಿನಗಳಲ್ಲಿ ಮಳೆ ಸುರಿಯುವುದು ಯಾರಿಗೂ ಹೊಸದಲ್ಲ. ಆದರೆ ಅಂದು ಮಧ್ಯಾಹ್ನದ ಬಳಿಕ ಸುರಿದ ಮಳೆಗೆ ಲೋಕಲ್ ರೈಲುಗಳು ನಿಂತವು, ಮಿಠಿ ನದಿ ಉಕ್ಕಿ ಹರಿಯಿತು, ಕಚೇರಿಗೂ ಶಾಲೆಗೂ ಹೋದ ಅಸಂಖ್ಯ ಮಂದಿ ರಾತ್ರಿ ಮನೆ ಸೇರಲಾಗಲಿಲ್ಲ. ನಗರದಲ್ಲಿ ನಾನೂರಕ್ಕೂ ಅಧಿಕ ಜನರು ಪ್ರಾಣ ಕಳೆದುಕೊಂಡರು. ಮರುದಿನ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳಲ್ಲಿ ಸಾಂತಾಕ್ರೂಜ್ ಹವಾಮಾನ ಕೇಂದ್ರ 944 ಮಿ.ಮೀ. ಮಳೆಯನ್ನು ದಾಖಲಿಸಿತು. ಇಡೀ ಮಳೆಗಾಲದಲ್ಲಿ ಅಲ್ಲಿ ಬೀಳುವ ಮಳೆಯ ಸುಮಾರು ಐದರಲ್ಲಿ ಎರಡು ಪಾಲು ಅದು. ಅದೇ ಅವಧಿಯಲ್ಲಿ, ದಕ್ಷಿಣಕ್ಕೆ ಇಪ್ಪತ್ತು–ಇಪ್ಪತ್ತೈದು ಕಿ.ಮೀ. ದೂರದ ಕೊಲಾಬಾದಲ್ಲಿ ಬಿದ್ದದ್ದು ಕೇವಲ 73 ಮಿ.ಮೀ.

ಸಾವಿರಾರು ಮೈಲಿ ದೂರದಲ್ಲಿ ಹುಟ್ಟುವ ಮಾರುತಗಳು ಇಂತಹ ಮಳೆಯನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತವೆ? ಯಾವ ಸಂಗತಿಯನ್ನು ಅವು ಮುಂಚಿತವಾಗಿ ತಿಳಿಸಬಲ್ಲವು, ಯಾವುದನ್ನು ತಿಳಿಸಲಾರವು? ಮಳೆಗಾಲವನ್ನು ಇದೇ ನಗರದಲ್ಲಿ ಕಳೆಯಬೇಕಾದ ನಾವು ಇದನ್ನು ಅರಿತಿರುವುದು ಒಳಿತು.

ಕೆಳಗಿನ ಗಾಳಿ, ಮೇಲಿನ ಗಾಳಿ

ಬೇಸಿಗೆಯಲ್ಲಿ ಏಷ್ಯಾದ ನೆಲ ಕಾದು ವಾಯುಭಾರ ಇಳಿಯುತ್ತದೆ. ಅದೇ ವೇಳೆಗೆ ಮಡಗಾಸ್ಕರದ ಪೂರ್ವಕ್ಕೆ, ದಕ್ಷಿಣ ಹಿಂದೂ ಮಹಾಸಾಗರದ ಮೇಲೆ ವಾಯುಭಾರ ಅಧಿಕವಾಗಿರುತ್ತದೆ. ಅಲ್ಲಿಂದ ಹೊರಟ ಗಾಳಿ ಪೂರ್ವ ಆಫ್ರಿಕದ ಎತ್ತರದ ನೆಲಕ್ಕೆ ತಾಗಿ, ಅದರ ಮಗ್ಗುಲಲ್ಲೇ ಸಮಭಾಜಕ ವೃತ್ತವನ್ನು ದಾಟುತ್ತದೆ. ಭೂಮಿಯ ಭ್ರಮಣೆಯಿಂದಾಗಿ ಬಲಕ್ಕೆ ತಿರುಗಿ, ನೈಋತ್ಯ ಮಾರುತವಾಗಿ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತದೆ. ಸೋಮಾಲಿಯಾದ ತೀರದಲ್ಲಿ, ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಅತಿವೇಗವಾಗಿ ಬೀಸುವ ಈ ಪ್ರವಾಹವನ್ನು 1969ರಲ್ಲಿ ಫಿಂಡ್ಲೇಟರ್ ಎಂಬ ಹವಾಮಾನ ವಿಜ್ಞಾನಿ ವಿವರವಾಗಿ ವರ್ಣಿಸಿದರು. ಅರಬ್ಬಿ ಸಮುದ್ರದ ತೇವವನ್ನು ಹೊತ್ತು ತರುವ ಹೆದ್ದಾರಿ ಇದೇ.

ಮಳೆಗೆ ಒಳಬರುವ ಗಾಳಿಯೊಂದೇ ಸಾಲದು. ಒಲೆ ಚೆನ್ನಾಗಿ ಉರಿಯಬೇಕಾದರೆ ಕೆಳಗಿನಿಂದ ಗಾಳಿ ಬರಬೇಕು, ಮೇಲೆ ಹೊಗೆಗಂಡಿಯೂ ತೆರೆದಿರಬೇಕು. ಮುಂಗಾರಿನ ಹೊಗೆಗಂಡಿ ಇರುವುದು ಹದಿನಾಲ್ಕು–ಹದಿನಾರು ಕಿ.ಮೀ. ಎತ್ತರದಲ್ಲಿ. ಟಿಬೆಟ್ ಪ್ರಸ್ಥಭೂಮಿಯ ಮೇಲಿನ ಅಧಿಕ ವಾಯುಭಾರದ ದಕ್ಷಿಣಕ್ಕೆ, ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಜೆಟ್ ಮಾರುತ ಮೇಲೇರಿದ ಗಾಳಿಯನ್ನು ಹೊರಗೊಯ್ಯುತ್ತದೆ. ಇದನ್ನು 1958ರಲ್ಲಿ ವಿವರಿಸಿದವರು ಭಾರತೀಯ ವಿಜ್ಞಾನಿ ಪಿ. ಕೋಟೇಶ್ವರಂ. ಕೆಳಗಿನ ಮಾರುತ ಬಲಗೊಂಡು, ಮೇಲಿನದೂ ಬಲವಾಗಿದ್ದರೆ ಮುಂಗಾರು ಚುರುಕಾಗುತ್ತದೆ.

ಪಟ್ಟಿಗಳ ಸರಿದಾಟ

ಈ ಮಹಾಪ್ರವಾಹದೊಳಗೆ ಕಡಿಮೆ ವಾಯುಭಾರದ ಎರಡು ಪಟ್ಟಿಗಳಿವೆ. ಒಂದು ರಾಜಸ್ಥಾನದಿಂದ ಬಂಗಾಳ ಕೊಲ್ಲಿಯವರೆಗೆ ಚಾಚಿಕೊಂಡಿರುತ್ತದೆ. ಅದು ಉತ್ತರಕ್ಕೆ ಸರಿದು ಹಿಮಾಲಯದ ಬುಡ ಸೇರಿದರೆ ಅಲ್ಲಿ ಧಾರಾಕಾರ ಮಳೆಯಾಗುತ್ತದೆ. ದೇಶದ ಮಧ್ಯಭಾಗ ಒಣಗುತ್ತದೆ. 2023ರ ಆಗಸ್ಟ್‌ನಲ್ಲಿ ಇಂತಹ ಬಿಡುವು ದೀರ್ಘವಾಗಿ, ಆ ತಿಂಗಳು 1901ರಿಂದೀಚಿನ ಅತ್ಯಂತ ಒಣ ಆಗಸ್ಟ್ ಎನಿಸಿತು. ಇನ್ನೊಂದು ಪಟ್ಟಿ ಪಶ್ಚಿಮ ಕರಾವಳಿಗೆ ಸಮಾನಾಂತರವಾಗಿ ಸಮುದ್ರದ ಮೇಲೆ ರೂಪುಗೊಳ್ಳುತ್ತದೆ. ಅದು ಒಮ್ಮೆ ಗುಜರಾತಿನಿಂದ ಕೇರಳದವರೆಗೂ ಹಬ್ಬಿ, ಮತ್ತೊಮ್ಮೆ ಮೊಟಕಾಗಿ ಒಂದೇ ಭಾಗಕ್ಕೆ ಸೀಮಿತವಾಗುತ್ತದೆ. ಉಡುಪಿ, ಕಾರವಾರಗಳಿಂದ ಬಂಧುಗಳು ಫೋನು ಮಾಡಿ ಮಳೆ ಬಿಟ್ಟೇ ಇಲ್ಲವೆನ್ನುವಾಗ ಇಲ್ಲಿ ಬಿಸಿಲಿರುವುದಕ್ಕೆ ಇದೂ ಒಂದು ಕಾರಣ.

ತೇವಭರಿತ ಗಾಳಿಗೆ ಸಹ್ಯಾದ್ರಿ ಅಡ್ಡ ನಿಂತಾಗ ಅದು ಮೇಲೇರಿ ತಣಿದು ಮಳೆಗರೆಯುತ್ತದೆ. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಆಚೆಯ ಚಿತ್ರದುರ್ಗದ ಬಯಲಿಗೆ ದಕ್ಕುವುದು ಅದರ ಒಂದು ಸಣ್ಣ ಪಾಲು ಮಾತ್ರ.

ದೂರದ ಸಾಗರಗಳ ಕೈವಾಡ

ಒಂದು ವರ್ಷದ ಮುಂಗಾರು ಮತ್ತೊಂದು ವರ್ಷದಂತಿರದು. ನಮ್ಮ ದೇಶದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಸರ್ ಗಿಲ್ಬರ್ಟ್ ವಾಕರ್ ಇದರ ಕಾರಣವನ್ನು ಅರಸುತ್ತಾ, ಪೆಸಿಫಿಕ್ ಹಾಗೂ ಹಿಂದೂ ಮಹಾಸಾಗರಗಳ ವಾಯುಭಾರ ತಕ್ಕಡಿಯ ತಟ್ಟೆಗಳಂತೆ ಏರಿಳಿಯುವುದನ್ನು ಗುರುತಿಸಿ, 1920ರ ದಶಕದಲ್ಲಿ ಅದಕ್ಕೆ ದಕ್ಷಿಣ ಆಂದೋಲನವೆಂದು ಹೆಸರಿಟ್ಟರು. ಪೆಸಿಫಿಕ್‌ನ ಮಧ್ಯ ಮತ್ತು ಪೂರ್ವ ಭಾಗಗಳು ಬಿಸಿಯಾಗುವ ಎಲ್ ನಿನೋ ಕಾಲದಲ್ಲಿ ಗಾಳಿ ಮೇಲೇರುವ ತಾಣ ಪೂರ್ವಕ್ಕೆ ಸರಿಯುತ್ತದೆ. ನಮ್ಮ ಮೇಲೆ ಗಾಳಿ ಕೆಳಗಿಳಿದು ಮೋಡ ಕಟ್ಟದಂತೆ ತಡೆಯುತ್ತದೆ. 2002 ಮತ್ತು 2009ರ ಬರಗಾಲಗಳು ಇಂತಹ ವರ್ಷಗಳವು.

ಆದರೆ ನಿಯಮಕ್ಕೆ ಅಪವಾದವೂ ಉಂಟು. 1997ರಲ್ಲಿ ಎಲ್ ನಿನೋ ಪ್ರಬಲವಾಗಿದ್ದರೂ ಮಳೆ ವಾಡಿಕೆಯಂತೆಯೇ ಆಯಿತು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ ಪೂರ್ವ ಭಾಗ ತಣ್ಣಗಿತ್ತು. ವಿಜ್ಞಾನಿಗಳು 1999ರಲ್ಲಿ ಈ ವ್ಯತ್ಯಾಸವನ್ನು ದ್ವಿಧ್ರುವ ಎಂದು ಕರೆದರು. ಇವಲ್ಲದೆ, ಸಮಭಾಜಕದ ಗುಂಟ ಪೂರ್ವಾಭಿಮುಖವಾಗಿ 30ರಿಂದ 60 ದಿನಗಳಲ್ಲಿ ಸಾಗುವ ಮೋಡದ ಅಲೆಯೊಂದಿದೆ. ಮ್ಯಾಡೆನ್ ಮತ್ತು ಜೂಲಿಯನ್ 1971ರಲ್ಲಿ ಗುರುತಿಸಿದ ಈ ಅಲೆ ಹಿಂದೂ ಮಹಾಸಾಗರದ ಮೇಲಿರುವಾಗ ಮುಂಗಾರು ಚುರುಕಾಗುವುದುಂಟು.

ಆ ಮಂಗಳವಾರ ಕಲಿಸಿದ್ದು

2005ರ ಮುಂಗಾರು ದೇಶದ ಒಟ್ಟು ಲೆಕ್ಕದಲ್ಲಿ ವಾಡಿಕೆಯ ಮಟ್ಟದ್ದೇ ಆಗಿತ್ತು. ಜುಲೈ ಕೊನೆಯ ಆ ದಿನಗಳಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಕಡಿಮೆ ವಾಯುಭಾರದ ವಲಯವೊಂದು ಒಳನಾಡಿಗೆ ಸರಿದಿತ್ತು. ಅರಬ್ಬಿ ಸಮುದ್ರದ ಗಾಳಿ ಬಲಗೊಂಡಿತ್ತು. ಕರಾವಳಿಯ ಪಟ್ಟಿಯೂ ಸಕ್ರಿಯವಾಗಿತ್ತು. ಕೊಂಕಣದಲ್ಲಿ ಭಾರೀ ಮಳೆಯಾಗುವುದೆಂದು ಊಹಿಸಲು ಇಷ್ಟು ಸಾಕು. ಆದರೆ ಸಾಂತಾಕ್ರೂಜ್‌ನ ನೆತ್ತಿಯ ಮೇಲೆ ಬೆಳೆದು ಗಂಟೆಗಟ್ಟಲೆ ಕದಲದೆ ನಿಂತ ಮೋಡಗಳ ಗುಂಪು ಕಿರಿದಾದ ವ್ಯಾಪ್ತಿಯದು. ಮಹಾಮಾರುತಗಳು ವೇದಿಕೆ ಸಜ್ಜುಗೊಳಿಸಿದ್ದವು. ಯಾವ ಬಡಾವಣೆಗೆ ಪೆಟ್ಟು ಬೀಳುವುದೆಂದು ಅವು ಹೇಳಲಾರದಾದವು. ಮೋಡದ ಒಳಗಿನ ಚಲನೆಯನ್ನು ಅಳೆಯುವ ಡಾಪ್ಲರ್ ರಾಡಾರ್ ಅಂದು ಮುಂಬಯಿಯಲ್ಲಿ ಇರಲಿಲ್ಲ. ಆ ಬಳಿಕ ಕೊಲಾಬಾದಲ್ಲಿಯೂ ವೇರಾವಲಿಯಲ್ಲಿಯೂ ಸ್ಥಾಪನೆಯಾದವು.

ಭೂಮಿ ಬಿಸಿಯಾಗುತ್ತಿರುವುದರಿಂದ ಈ ಅಪಾಯ ಬೆಳೆಯುತ್ತಿದೆ. ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. 1950ರಿಂದ 2015ರ ಅವಧಿಯಲ್ಲಿ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟು ಹೆಚ್ಚಿದವೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅರಬ್ಬಿ ಸಮುದ್ರದಿಂದ ಅಲೆಅಲೆಯಾಗಿ ಬರುವ ತೇವವೇ ಅದಕ್ಕೆ ಮುಖ್ಯ ಕಾರಣವೆಂದೂ ಹೇಳಿದೆ.

ಆದುದರಿಂದ, ಈ ವರ್ಷ ಮುಂಗಾರು ವಾಡಿಕೆಯಂತಿರುವುದೆಂಬ ಸುದ್ದಿಯನ್ನು ಓದಿ ನಾವು ನಿಶ್ಚಿಂತರಾಗಬಾರದು. ಆ ಮಾತು ರೈತನಿಗೂ ಜಲಾಶಯಕ್ಕೂ ಉಪಯುಕ್ತ. ಮಗುವನ್ನು ಶಾಲೆಗೆ ಕಳುಹಿಸುವ ತಾಯಿಗೆ ಅದು ಸಾಲದು. ಆಕೆ ನೋಡಬೇಕಾದುದು ಆ ದಿನದ ಎಚ್ಚರಿಕೆಯನ್ನು ಮತ್ತು ಮುಂದಿನ ಮೂರು ಗಂಟೆಗಳ ಮುನ್ಸೂಚನೆಯನ್ನು. ಹವಾಮಾನ ಇಲಾಖೆಯ ಹಳದಿ ಬಣ್ಣ ಗಮನವಿಡಿ ಎನ್ನುತ್ತದೆ, ಕಿತ್ತಳೆ ಸಿದ್ಧರಾಗಿರಿ ಎನ್ನುತ್ತದೆ, ಕೆಂಪು ಕೂಡಲೇ ಕಾರ್ಯಪ್ರವೃತ್ತರಾಗಿ ಎನ್ನುತ್ತದೆ. ದಿನಕ್ಕೆ 204.4 ಮಿ.ಮೀ. ಮೀರಿದರೆ ಅದು ಇಲಾಖೆಯ ಲೆಕ್ಕದಲ್ಲಿ ಅತ್ಯಂತ ಭಾರೀ ಮಳೆ. ಜೊತೆಗೆ ಸಮುದ್ರದ ಭರತದ ವೇಳೆಯನ್ನೂ ನೋಡಿಕೊಳ್ಳಬೇಕು. ಭರತದ ಹೊತ್ತಿನಲ್ಲಿ ಬಿದ್ದ ಮಳೆ ನೀರಿಗೆ ಹೊರಹೋಗಲು ದಾರಿಯಿರುವುದಿಲ್ಲ. ಕೆಂಪು ಎಚ್ಚರಿಕೆಯ ದಿನ ಕಚೇರಿಯಲ್ಲಿರುವವರನ್ನು ಮನೆಯಿಂದ ಫೋನು ಮಾಡಿ ಬೇಗನೆ ಕರೆಸಿಕೊಳ್ಳುವುದು ಅಂಜುಬುರುಕತನವೆಂದು ನಾವು ಭಾವಿಸಬೇಕಾಗಿಲ್ಲ.