ಹಳೆ ಗೇಮಿಂಗ್ ಕಂಪ್ಯೂಟರ್‌ಗೆ ಮತ್ತೆ ದುಡ್ಡು ಹಾಕೋದಾ, ಹೊಸದೇ ತಗೊಳ್ಳೋದಾ? ಅಂಗಡಿಗೆ ಹೋಗೋ ಮುಂಚೆ ಇಷ್ಟು ನೋಡಿಕೊಳ್ಳಿ

ಕಲಬುರಗಿ/ಕಮಲಾಪುರ: ಹಗಲೆಲ್ಲ ಜೆರಾಕ್ಸ್, ಪಹಣಿ ಪ್ರಿಂಟು, ಆನ್‌ಲೈನ್ ಅರ್ಜಿ. ರಾತ್ರಿ ಶಟರ್ ಅರ್ಧ ಇಳಿಸಿದ ಮೇಲೆ ಮಗನ ಜಿಟಿಎ. ನಮ್ಮ ಕಡೆ ತಾಲೂಕು ಊರುಗಳಲ್ಲಿ ಗೇಮಿಂಗ್ ಕಂಪ್ಯೂಟರ್ ಅಂದ್ರೆ ಎಷ್ಟೋ ಕಡೆ ಹಿಂಗೇ, ಒಂದೇ ಡಬ್ಬಿಗೆ ಎರಡು ದುಡಿಮೆ. ಏಳೆಂಟು ವರ್ಷದ ಹಿಂದೆ ತಂದದ್ದು ಈಗ ತಡೆದು ತಡೆದು ಓಡುತ್ತದೆ. ಕಲಬುರಗಿಗೆ ಒಯ್ದರೆ ಒಬ್ಬರು "ಒಂದು ಕಾರ್ಡ್ ಹಾಕಿಸ್ರಿ, ಸಾಕು" ಅಂತಾರೆ, ಪಕ್ಕದ ಅಂಗಡಿಯವರು "ಇದನ್ನ ಬಿಡ್ರಿ, ಹೊಸದು ತಗೊಳ್ರಿ" ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ, ಆದರೆ ಇಬ್ಬರೂ ಮಾರುವವರೇ. ಕೊಳ್ಳುವವರು ಮನೆಯಲ್ಲೇ ಮಾಡಿಕೊಳ್ಳಬಹುದಾದ ಲೆಕ್ಕ ಇಲ್ಲಿದೆ.

ಮೊದಲು ವಿಂಡೋಸ್ ವಿಷಯ ಮುಗಿಸಿಕೊಳ್ಳೋಣ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆ ಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ ಅಂತ ಕಂಪನಿ ಹೇಳಿತ್ತು. ಬರೀ ಗೇಮ್ ಆಡುವವನಿಗೆ ಇದು ಅಂಥಾ ದೊಡ್ಡ ಮಾತಲ್ಲ. ಆದರೆ ಗಿರಾಕಿಗಳ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡುವ ಯಂತ್ರವೂ ಅದೇ ಆಗಿದ್ದರೆ, ಅಪ್‌ಡೇಟ್ ಇಲ್ಲದೆ ಓಡಿಸುವುದು ಊರವರ ಕಾಗದಪತ್ರವನ್ನು ಬೀಗ ಇಲ್ಲದ ಕಪಾಟಿನಲ್ಲಿ ಇಟ್ಟಂಗೆ.

ವಿಂಡೋಸ್ 11 ಹಾಕಬೇಕಂದ್ರೆ ಇಂಟೆಲ್‌ನಲ್ಲಿ 8ನೇ ಪೀಳಿಗೆ, ಎಎಂಡಿಯಲ್ಲಿ ಹೆಚ್ಚುಕಡಿಮೆ ರೈಜೆನ್ 2000 ಸಾಲಿನಿಂದ ಮುಂದಿನ ಪ್ರೊಸೆಸರ್ ಬೇಕು. ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇರಬೇಕು. ಪೀಳಿಗೆ ತಿಳಿಯುವುದು ಸುಲಭ. ಐ5-4460 ಅಂದ್ರೆ ನಾಲ್ಕನೆಯದು, ಐ5-8400 ಅಂದ್ರೆ ಎಂಟನೆಯದು, ಐ5-12400 ಅಂದ್ರೆ ಹನ್ನೆರಡನೆಯದು. ಮೈಕ್ರೋಸಾಫ್ಟ್‌ನ "ಪಿಸಿ ಹೆಲ್ತ್ ಚೆಕ್" ಅನ್ನೋ ಉಚಿತ ತಂತ್ರಾಂಶ ಹಾಕಿದರೂ ಉತ್ತರ ಸಿಗುತ್ತದೆ.

ಇಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ಪ್ರೊಸೆಸರ್ ಎಂಟನೇ ಪೀಳಿಗೆಯದೇ ಇದ್ದರೂ "ನಿಮ್ಮ ಕಂಪ್ಯೂಟರ್ ಹೊಂದಿಕೆಯಾಗಲ್ಲ" ಅಂತ ಬರಬಹುದು. ಕಾರಣ ಇಷ್ಟೇ: ಆ ಕಾಲದ ಎಷ್ಟೋ ಮದರ್‌ಬೋರ್ಡ್‌ಗಳು ಟಿಪಿಎಂ ಬಂದ್ ಇಟ್ಟುಕೊಂಡೇ ಬಂದಿವೆ. ಬಯೋಸ್‌ಗೆ ಹೋಗಿ ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನುವುದನ್ನು ಚಾಲೂ ಮಾಡಿದರೆ ಆ ತಕರಾರು ಮುಗಿಯಿತು. ಇದಕ್ಕೆ ಪೈಸೆ ಖರ್ಚಿಲ್ಲ. ಈ ಒಂದು ಸ್ವಿಚ್ ನೋಡದೆ "ಸಿಸ್ಟಮ್ ಹಳೇದಾತು" ಅಂತ ಹೇಳುವವರ ಮಾತಿಗೆ ಹೊಸದಕ್ಕೆ ಅಡ್ವಾನ್ಸ್ ಕೊಡಬೇಡಿ.

ತಡೆ ಎಲ್ಲಿದೆ ಅಂತ ಅಳೆಯಿರಿ

ಗೇಮ್ ಓಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಪುಟ ನೋಡಿ. ಜಿಪಿಯು 95-100 ಶೇಕಡಾ ದುಡಿಯುತ್ತ ಪ್ರೊಸೆಸರ್ ಅರಾಮ ಇದ್ದರೆ ಗ್ರಾಫಿಕ್ಸ್ ಕಾರ್ಡ್‌ದೇ ಕೊರತೆ. ಜಿಪಿಯು 50ರ ಆಸುಪಾಸಿನಲ್ಲೇ ನಿಂತು ಪ್ರೊಸೆಸರ್ ತುಂಬಿ ತುಳುಕುತ್ತಿದ್ದರೆ ಹೊಸ ಕಾರ್ಡ್ ಹಾಕಿಸಿದರೂ ಏನೂ ಬದಲಾಗದು. ಇಲ್ಲೊಂದು ಮರೆಮೋಸ ಇದೆ: ಅಲ್ಲಿ ಕಾಣೋದು ಎಲ್ಲ ಕೋರ್‌ಗಳ ಸರಾಸರಿ. ನಾಲ್ಕು ಕೋರ್‌ನಲ್ಲಿ ಒಂದೇ ಒಂದು ಪೂರ್ತಿ ದಣಿದಿದ್ದರೂ 25 ಅಂತಲೇ ತೋರಿಸಬಹುದು. ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರತಿ ಕೋರ್ ಬೇರೆ ಬೇರೆ ಕಾಣುವಂತೆ ಮಾಡಿಕೊಳ್ಳಿ. ಮೆಮೊರಿ 90 ದಾಟಿದ್ದರೆ ರ‍್ಯಾಮ್ ಸಾಲದು. ಡಿಸ್ಕ್ 100ಕ್ಕೆ ಅಂಟಿಕೊಂಡಿದ್ದರೆ ಹಳೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಅದು ಮುಂದೆ ಹೊಸ ಯಂತ್ರ ತಗೊಂಡರೂ ಅದಕ್ಕೇ ಬರುತ್ತದೆ, ದುಡ್ಡು ಎಲ್ಲೂ ಹೋಗಲ್ಲ.

ಅಳೆಯುವ ಮುಂಚೆ ದೂಳು ತೆಗೆಸಿ. ನಮ್ಮ ಬಿಸಿಲು ಹೇಳಬೇಕಿಲ್ಲ, ಮೇ ತಿಂಗಳಲ್ಲಿ 42-43 ಡಿಗ್ರಿ ನಮಗೆ ಹೊಸದಲ್ಲ. ದಾಲ್ ಮಿಲ್ ಹತ್ತಿರ ಅಂಗಡಿ ಇದ್ದವರ ಕ್ಯಾಬಿನೆಟ್ ತೆರೆದರೆ ತೊಗರಿ ದೂಳಿನ ಹೊದಿಕೆಯೇ ಸಿಗುತ್ತದೆ. ಪ್ರೊಸೆಸರ್ ನೂರು ಡಿಗ್ರಿ ಹತ್ತಿರ ಹೋದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ನಾವು ಅದನ್ನು "ಹಳೇದಾಯ್ತು" ಅಂತೀವಿ. ನಮ್ಮ ಮನೆಯ ಯಂತ್ರ ಒಂದು ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಮೂರರ ಹೊತ್ತಿಗೆ ತಾನೇ ಆಫ್ ಆಗುತ್ತಿತ್ತು. ಹೊಸದರ ಕೊಟೇಶನ್ ಕೂಡ ತಂದಾಗಿತ್ತು. ಕೊನೆಗೆ ಬ್ಲೋವರ್ ಹಿಡಿದು, ಥರ್ಮಲ್ ಪೇಸ್ಟ್ ಬದಲಿಸಿದ ಮೇಲೆ ಇನ್ನೂ ಎರಡು ವರ್ಷ ಓಡಿತು. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಕ್ಯಾಬಿನೆಟ್ ಶಹಾಬಾದ್ ಫರಸಿ ಮೇಲೆ ನೇರ ಇಡದೆ ಒಂದು ಗೇಣು ಎತ್ತರದಲ್ಲಿಡಿ, ಕಸ ಗುಡಿಸಿದಾಗೆಲ್ಲ ಎಳೆದುಕೊಳ್ಳೋದು ತಪ್ಪುತ್ತದೆ.

ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ

ನಾಲ್ಕನೇ ಪೀಳಿಗೆ ಇಂಟೆಲ್, ಡಿಡಿಆರ್3 ರ‍್ಯಾಮ್ ಇದ್ದರೆ ಆ ಬೋರ್ಡ್‌ಗೆ ಇನ್ನು ಹಣ ಸುರಿಯಬೇಡಿ. ಅದಕ್ಕೆ ಹಾಕಬಹುದಾದ ಐ7 ಕೂಡ ವಿಂಡೋಸ್ 11 ಪಟ್ಟಿಯಲ್ಲಿಲ್ಲ, ಡಿಡಿಆರ್3 ಮುಂದೆ ಯಾವ ಹೊಸ ಬೋರ್ಡ್‌ಗೂ ಕೂರಲ್ಲ. 6-7ನೇ ಪೀಳಿಗೆಯವರ ಸ್ಥಿತಿ ಸ್ವಲ್ಪ ಬೇರೆ. ಸಾಕೆಟ್ ಹೆಸರು ಒಂದೇ ಅಂತ ಎಂಟನೇ ಪೀಳಿಗೆ ಪ್ರೊಸೆಸರ್ ತಂದು ಹಾಕಿದರೆ ನಡೆಯಲ್ಲ, ಅದಕ್ಕೆ ಬೋರ್ಡ್ ಬೇರೆ ಬೇಕು. ಆದರೆ ಅವರ ಡಿಡಿಆರ್4 ರ‍್ಯಾಮ್ ಮುಂದೆ ಉಪಯೋಗಕ್ಕೆ ಬರುತ್ತದೆ.

ಅದೃಷ್ಟವಂತರು ಅಂದ್ರೆ ಎಎಂಡಿ ಎಎಂ4 ಬೋರ್ಡ್ ಇರುವವರು. 2017ರಲ್ಲಿ ಬಂದ ಈ ಸಾಕೆಟ್‌ಗೆ 2020ರ ರೈಜೆನ್ 5000 ಸಾಲಿನ ಪ್ರೊಸೆಸರ್ ಕೂಡ ಕೂರುತ್ತದೆ. ಬಿ450 ಬೋರ್ಡ್ ಮೇಲೆ ರೈಜೆನ್ 1600 ಇದ್ದವರು ಬಯೋಸ್ ಅಪ್‌ಡೇಟ್ ಮಾಡಿಸಿ 5600 ಹಾಕಿಸಿದರೆ ಉಳಿದದ್ದೆಲ್ಲ ಹಂಗೇ ಇಟ್ಟುಕೊಂಡು ಹೆಚ್ಚುಕಮ್ಮಿ ಹೊಸ ಯಂತ್ರವೇ ಸಿಕ್ಕಂಗೆ. ಬಯೋಸ್ ಅಪ್‌ಡೇಟ್ ಹಳೆ ಪ್ರೊಸೆಸರ್ ಇರುವಾಗಲೇ ಆಗಬೇಕು, ನಡುವೆ ಕರೆಂಟ್ ಹೋದರೆ ಬೋರ್ಡೇ ಸಾಯಬಹುದು. ಯುಪಿಎಸ್ ಇಲ್ಲದೆ ಕೈ ಹಚ್ಚಬೇಡಿ.

ಇನ್ನು ರ‍್ಯಾಮ್. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಿಂದ ರ‍್ಯಾಮ್ ದರ ಜೋರಾಗಿ ಏರಿದೆ. ಮೈಕ್ರಾನ್ ಕಂಪನಿಯಂತೂ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯಾಪಾರ ಬಿಡುವುದಾಗಿ ಡಿಸೆಂಬರ್‌ನಲ್ಲೇ ಪ್ರಕಟಿಸಿತು. ಹೊಸ ಯಂತ್ರ ಅಂದ್ರೆ ಹೆಚ್ಚಾಗಿ ಡಿಡಿಆರ್5, ಅದನ್ನು ಹೊಸದಾಗಿಯೇ ಕೊಳ್ಳಬೇಕು. ಹಿಂಗಾಗಿ ನಿಮ್ಮ ಹತ್ತಿರ 16 ಜಿಬಿ ಡಿಡಿಆರ್4 ಇದ್ದರೆ ಅದೇ ಒಂದು ಆಸ್ತಿ. ಎಕ್ಸ್‌ಚೇಂಜ್ ಅಂತ ಹಳೆ ಯಂತ್ರವನ್ನು ಇಡಿಯಾಗಿ ಕೊಟ್ಟು ಬರುವ ಮುಂಚೆ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಗ್ರಾಫಿಕ್ಸ್ ಕಾರ್ಡ್ ವಿಷಯಕ್ಕೆ ಬಂದರೆ, ಜಿಟಿಎಕ್ಸ್ 750 ಟಿಐ, 1050 ಟಿಐ, 1060 ಕಾರ್ಡ್‌ಗಳಿಗೆ ಹೊಸ ಗೇಮ್‌ಗೆ ತಕ್ಕ ಡ್ರೈವರ್ ಕೊಡುವುದನ್ನು ಎನ್ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ, ಭದ್ರತಾ ಅಪ್‌ಡೇಟ್ ಮಾತ್ರ 2028ರವರೆಗೆ. ಹಾಗಂತ ಅವು ಕೆಟ್ಟುಹೋಗಲ್ಲ, ಹಳೆ ಗೇಮ್ ಮೊದಲಿನಂತೆಯೇ ಓಡುತ್ತವೆ. ಆದರೆ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಇವನ್ನು ಕೊಳ್ಳುವುದು ಜಾಣತನ ಅಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗಕ್ಕೆ ಸಿಕ್ಕಿತು ಅಂತ ಹಳೆ ಬೋರ್ಡ್‌ಗೆ ಹಾಕಿಸುವವರೂ ಇದ್ದಾರೆ. ಅದು ನಾಲ್ಕೇ ಪಿಸಿಐ ಲೇನ್ ಬಳಸುವ ಕಾರ್ಡ್, ಹಳೆ ಬೋರ್ಡ್ ಮೇಲೆ ಪೂರ್ತಿ ಶಕ್ತಿ ಕೊಡಲ್ಲ.

ಕಾರ್ಡ್‌ಗಿಂತ ಮುಂಚೆ ಎಸ್‌ಎಂಪಿಎಸ್ ನೋಡಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಹೆಸರಿಲ್ಲದ ಡಬ್ಬಿ ಮೇಲೆ 450 ವ್ಯಾಟ್ ಅಂತ ಬರೆದಿರುವುದನ್ನು ನಂಬಿ ಆರ್‌ಎಕ್ಸ್ 6600ರಂಥ 132 ವ್ಯಾಟ್ ಕಾರ್ಡ್ ಹಾಕಬೇಡಿ. ಅದು ಹೋಗುವಾಗ ಒಂದೇ ಹೋಗಲ್ಲ, ಬೋರ್ಡ್, ಡಿಸ್ಕ್ ಎಲ್ಲ ಕರಕೊಂಡು ಹೋಗಬಹುದು. ಎಸ್‌ಎಂಪಿಎಸ್‌ಗೂ ಬಜೆಟ್ ಇಲ್ಲದಿದ್ದರೆ 70 ವ್ಯಾಟ್‌ನ ಆರ್‌ಟಿಎಕ್ಸ್ 3050, 6 ಜಿಬಿ ಆವೃತ್ತಿಯಂಥದು ನೋಡಿ, ಅದಕ್ಕೆ ಬೇರೆ ಪವರ್ ಕೇಬಲ್ ಬೇಕಿಲ್ಲ. 8 ಜಿಬಿ ಆವೃತ್ತಿಗೆ ಬೇಕು, ಗೊಂದಲ ಮಾಡಿಕೊಳ್ಳಬೇಡಿ.

ಸೂಪರ್ ಮಾರ್ಕೆಟ್ ಕಡೆ ಸಿಗದ್ದನ್ನು ಹೈದರಾಬಾದ್‌ಗೆ ಹೋಗಿ ಸಿಕಂದರಾಬಾದ್‌ನ ಚೆನಾಯ್ ಟ್ರೇಡ್ ಸೆಂಟರ್‌ನಿಂದ ತರುವವರಿದ್ದಾರೆ. ದರ ಕಡಿಮೆ ಇರಬಹುದು, ಆದರೆ ಕೆಟ್ಟರೆ ಮತ್ತೆ ಅಲ್ಲಿಗೇ ಓಡಬೇಕು. ಬಸ್ ಖರ್ಚು, ಒಂದು ದಿನದ ಅಂಗಡಿ ಬಂದ್ ಎರಡನ್ನೂ ಕೂಡಿಸಿ ನೋಡಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಆದರೆ ಕಣ್ಣೆದುರೇ ಅರ್ಧ ತಾಸು ಗೇಮ್ ಓಡಿಸಿ, ಮೂಲ ಬಿಲ್ಲು ಮತ್ತು ಸೀರಿಯಲ್ ನಂಬರ್ ತಾಳೆ ನೋಡಿ. ಕಮಲಾಪುರದಿಂದ ಬಸ್ಸಿನಲ್ಲಿ ಯಂತ್ರ ಒಯ್ಯುವವರು ಭಾರದ ಕಾರ್ಡ್ ಬಿಚ್ಚಿ ಬೇರೆ ಡಬ್ಬಿಯಲ್ಲಿ ಹಿಡಿದುಕೊಳ್ಳಿ, ಕುಲುಕಾಟಕ್ಕೆ ಸ್ಲಾಟ್ ಮುರಿಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ಅಂದಾಜು ಹೀಗೆ: ಬದಲಿಸಬೇಕಾದ ಭಾಗಗಳ ಖರ್ಚು ಹೊಸ ಯಂತ್ರದ ಅರ್ಧ ಬೆಲೆ ದಾಟಿದರೆ, ಅದೂ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಹೋಗುವಂತಿದ್ದರೆ, ಹೊಸದೇ ಲೇಸು. ಆಗಲೂ ಮಾನಿಟರ್, ಕ್ಯಾಬಿನೆಟ್, ಎಸ್‌ಎಸ್‌ಡಿ, ಯುಪಿಎಸ್ ಹಳೆಯವೇ ಇರಲಿ. ಅಂಗಡಿಗೆ ಜಿಎಸ್‌ಟಿ ನೋಂದಣಿ ಇದ್ದವರು, ಕಾಂಪೊಸಿಷನ್ ಅಲ್ಲದವರು, ಜಿಎಸ್‌ಟಿ ನಂಬರ್ ಹಾಕಿಸಿಯೇ ಬಿಲ್ಲು ತಗೊಳ್ಳಿ. ಕಂಪ್ಯೂಟರ್ ಮೇಲಿನ 18 ಶೇಕಡಾ ತೆರಿಗೆಯಲ್ಲಿ ವ್ಯಾಪಾರಕ್ಕೆ ಬಳಸುವ ಪಾಲನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಮಗನ ಗೇಮಿನ ಪಾಲಿಗೆ ಸಿಗಲ್ಲ, ಎಷ್ಟು ಅಂತ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ.

ಹಳೆಯದನ್ನು ಮಾರುವುದಾದರೆ ಹಾರ್ಡ್‌ಡಿಸ್ಕ್ ಮಾತ್ರ ಕೊಡಬೇಡಿ. ಡಿಲೀಟ್ ಮಾಡಿದ ಫೈಲ್, ಕ್ವಿಕ್ ಫಾರ್ಮ್ಯಾಟ್ ಆದ ಡಿಸ್ಕ್ ಎರಡರಿಂದಲೂ ಗಿರಾಕಿಗಳ ಆಧಾರ್ ಪ್ರತಿ ವಾಪಸ್ ತೆಗೆಯಬಹುದು. ಡಿಸ್ಕ್ ಕೊಡಲೇಬೇಕೆಂದರೆ ಕ್ವಿಕ್ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ದೊಡ್ಡ ಡಿಸ್ಕ್ ಆದರೆ ಕೆಲವು ತಾಸು ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆ ಆಗಿರುತ್ತದೆ.